ತಿಮ್ಮನಿಗೆ ನೀರು

ನಮ್ಮನೆ ತಿಮ್ಮ ಈ ವರ್ಷವೂ ಹೂ ಬಿಟ್ಟಿದ್ದಾನೆ! ತಿಮ್ಮ ಅಂದ್ರೆ ಮನುಷ್ಯ ಅಲ್ಲ ಮಾರಾಯ್ರೆ, ಬೋಗನ್‌ವಿಲ್ಲಾ ಗಿಡ. ಎಲೆ ನಡುವೆ ಹಳದಿ, ಅಂಚಿಗೆ ಹಸಿರು, ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಹೂ. ಈ ತಳಿಯ ಹೆಸರೇ ‘ತಿಮ್ಮ’.

ವಿಜಯವಾಡದಲ್ಲಿದ್ದಾಗ, 2003ರಲ್ಲಿ, ರಾಜಮಂಡ್ರಿ ಹತ್ತಿರದ ಕಡಿಯಂ ನರ್ಸರಿಗಳಿಂದ ತಂದದ್ದು. ತೆಲುಗು ನಾಡಲ್ಲಿ ಗಿಡ ಮಾರುವವನ ಬಾಯಲ್ಲಿ ‘ತಿಮ್ಮ’ ಅಂತ ಕೇಳಿದ್ದೇ ತಡ, ಬೆಲೆ ಚೌಕಾಸಿ ಮಾಡದೆ ಕೊಂಡುಬಿಟ್ಟೆ. ಅಲ್ಲಿನ ಮೇ ತಿಂಗಳ ಬಿಸಿಲು ಗೊತ್ತಲ್ಲ, 45 ಡಿಗ್ರಿ ಮುಟ್ಟೋದೂ ಉಂಟು. ನಾವು ಕಾಲಿಡಲಾರದ ಆ ತಾರಸಿ ಮೇಲೆ ತಿಮ್ಮ ಮಾತ್ರ ಮೈತುಂಬಾ ಹೂ ಹೊತ್ತು ನಿಂತಿರುತ್ತಿದ್ದ. ಅಸಲಿಗೆ ಆ ಬಣ್ಣದ್ದು ಹೂವಲ್ಲ, ಎಲೆಯ ಜಾತಿಯದೇ. ನಿಜವಾದ ಹೂ ಒಳಗಿರೋ ಪುಟ್ಟ ಬಿಳಿ ಕೊಳವೆ. ಕನ್ನಡದಲ್ಲೂ ತೆಲುಗಲ್ಲೂ ಜನ ಇದನ್ನ ಕಾಗದದ ಹೂ ಅಂತಲೇ ಕರೀತಾರೆ.

2008ರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯ್ತು. ತಿಮ್ಮನೂ ಲಾರಿ ಹತ್ತಿದ. ಅಪ್ಪ ತೀರಿಕೊಂಡಿದ್ದರಿಂದ ಅಮ್ಮನೂ ಊರುಬಿಟ್ಟು ಬಂದಳು. ಅವಳಿಗೆ ತೆಲುಗು ಬಾರದು. ನಾವು ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವಳ ಕನ್ನಡ ಕೇಳೋನು ತಿಮ್ಮ ಒಬ್ಬನೇ. “ತಿಮ್ಮಾ, ಕುಡಿಯೋ” ಅಂತ ದಿನಕ್ಕೆರಡು ಸಲ ಅಕ್ಕಿ ತೊಳೆದ ನೀರು! ಎಲೆ ದಟ್ಟವಾಯ್ತು, ಹೂ ನಿಂತೇ ಹೋಯ್ತು. “ಅವನಿಗಿನ್ನೂ ಈ ಊರು ಒಗ್ಗಿಲ್ಲ ಕಣೋ” ಅನ್ನೋಳು.

ಕಾರಣ ನನಗೆ ಗೊತ್ತಿತ್ತು. ಬೋಗನ್‌ವಿಲ್ಲಾಗೆ ಸಮುದ್ರದ ಉಪ್ಪುಗಾಳಿ ದೊಡ್ಡ ತೊಂದರೆ ಅಲ್ಲ, ನೀರು ಜಾಸ್ತಿಯಾದ್ರೇ ತೊಂದರೆ. ದಿನಾ ಐದಾರು ಗಂಟೆ ಬಿಸಿಲು ಬೇಕು. ಮಣ್ಣು ಒಣಗಿ ಎಲೆ ಸ್ವಲ್ಪ ಜೋಲಿದ ಮೇಲೇ ನೀರು ಕೊಡಬೇಕು. ಹೂ ಮುಗಿದ ಮೇಲೆ ಕತ್ತರಿಸಬೇಕು, ಹೂ ಬರೋದು ಹೊಸ ಚಿಗುರಲ್ಲಿ. ಪೂರ್ತಿ ಹಸಿರೆಲೆಯ ಕೊಂಬೆ ಬಂದರೆ ಬುಡಕ್ಕೇ ತೆಗೀಬೇಕು, ಇಲ್ಲದಿದ್ದರೆ ಅದೇ ಗಿಡವನ್ನೆಲ್ಲ ಆವರಿಸುತ್ತೆ.

ಒಂದು ಸಲ ಹೇಳಿದೆ, “ಅಮ್ಮಾ, ನೀರು ಕಮ್ಮಿ ಮಾಡು.”

“ಬಾಯಿಲ್ಲದ ಜೀವಾನ ಒಣಗಿಸು ಅಂತೀಯಾ?”

ಮತ್ತೆ ಹೇಳಲಿಲ್ಲ.

2013ರ ಜನವರಿಯಲ್ಲಿ ಅಮ್ಮ ಹೋದಳು. ಕಾರ್ಯಕ್ಕೆ ಊರಿಗೆ ಹೋದವರು ಮೂರು ವಾರ ಬಿಟ್ಟು ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ವಾಪಸಾದೆವು. ತಿಮ್ಮನಿಗೆ ನೀರು ಹಾಕಿ ಅಂತ ಯಾರಿಗೂ ಹೇಳಿರಲಿಲ್ಲ, ನೆನಪೇ ಆಗಿರಲಿಲ್ಲ. ಗೇಟು ತೆಗೆದು ನೋಡ್ತೀನಿ... ಅರ್ಧ ಎಲೆ ಉದುರಿತ್ತು. ಕೊಂಬೆ ಕೊಂಬೆಯ ತುದಿಯಲ್ಲೂ ಬಿಳಿ, ಗುಲಾಬಿ. ಅಮ್ಮ ಐದು ವರ್ಷ ಕಾದಿದ್ದ ಹೂ. ಖುಷಿ ಪಡಬೇಕೋ, ಅಳಬೇಕೋ ತಿಳೀಲಿಲ್ಲ.

2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತಕ್ಕೆ ನಮ್ಮ ಬೀದಿಯ ದೊಡ್ಡ ಮರಗಳೇ ಮಲಗಿದವು. ತಿಮ್ಮನೂ ಬುಡದ ಹತ್ತಿರ ಮುರಿದ, ಆದ್ರೆ ಮತ್ತೆ ಚಿಗುರಿದ.

ಈಗ ಲೆಕ್ಕ ಹಾಕಿಯೇ ನೀರು ಕೊಡ್ತೀನಿ. ಅಮ್ಮನ ತಿಥಿಯ ದಿನ ಮಾತ್ರ ಲೆಕ್ಕ ಇಲ್ಲ. ಅವತ್ತು ಅಕ್ಕಿ ತೊಳೆದ ನೀರು, ತುಂಬಿದ ಚೊಂಬು. ವರ್ಷಕ್ಕೊಂದು ಚೊಂಬಿಗೆ ಅವನಿಗೇನೂ ಆಗಲ್ಲ ಬಿಡಿ.