ತಾರೀಖು ನೋಡಿ ಬೀದಿಗೆ ಇಳಿಯಿರಿ

ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದರೆ ಬಲಗಡೆಯ ಕೆಳಮೂಲೆಯಲ್ಲಿ ಹಳದಿ ಬಣ್ಣದ ಪುಟಾಣಿ ಮನುಷ್ಯನೊಬ್ಬ ನಿಂತಿರುತ್ತಾನೆ. ಮೌಸಿನಿಂದ ಎತ್ತಿಕೊಂಡರೆ ಕಾಲು ಅಲ್ಲಾಡಿಸುತ್ತಾ ನೇತಾಡುತ್ತಾನೆ. ಆಗ ನಕ್ಷೆಯ ರಸ್ತೆಗಳ ಮೇಲೆ ನೀಲಿ ಗೆರೆಗಳು ಮೂಡುತ್ತವೆ. ಯಾವುದಾದರೂ ಒಂದು ಗೆರೆಯ ಮೇಲೆ ಅವನನ್ನು ಇಳಿಸಿದರೆ ಸಾಕು, ನಾವು ಆ ಬೀದಿಯ ನಡುವೆ ನಿಂತಿರುತ್ತೇವೆ. ಎಡಕ್ಕೆ ತಿರುಗಿದರೆ ಅಂಗಡಿ, ಬಲಕ್ಕೆ ತಿರುಗಿದರೆ ಮನೆ, ತಲೆ ಎತ್ತಿದರೆ ಆಕಾಶ. ಬಾಣದ ಗುರುತು ಒತ್ತಿದರೆ ನಾಲ್ಕು ಹೆಜ್ಜೆ ಮುಂದೆ. ಇದಕ್ಕೆ ಸ್ಟ್ರೀಟ್ ವ್ಯೂ ಎಂದು ಹೆಸರು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು, ಎದ್ದದ್ದು ನಿವೃತ್ತಿಯ ದಿನ. ರಜಾ ಭತ್ಯೆಯಲ್ಲಿ ಕನ್ಯಾಕುಮಾರಿ ನೋಡಿದೆ, ಒಮ್ಮೆ ದೆಹಲಿ, ಆಗ್ರಾ ನೋಡಿದೆ. ಪಾಸ್‌ಪೋರ್ಟ್ ಮಾಡಿಸಲೇ ಇಲ್ಲ. ಈಗ ಎಪ್ಪತ್ತನಾಲ್ಕು ವರ್ಷ. ಆರನೇ ತರಗತಿಯ ಮೊಮ್ಮಗಳು ಪುಟ್ಟಿ ಈ ಹಳದಿ ಮನುಷ್ಯನನ್ನು ಪರಿಚಯ ಮಾಡಿಸಿದ ಮೇಲೆ ದಿನವೂ ಸಂಜೆ ಕಾಫಿ ಆದ ನಂತರ ನಾವಿಬ್ಬರೂ ಒಂದು ಊರಿಗೆ ಹೋಗಿ ಬರುತ್ತೇವೆ. ಟಿಕೆಟ್ಟಿಲ್ಲ, ವೀಸಾ ಇಲ್ಲ, ಮಂಡಿ ನೋವಿಲ್ಲ.

ಮೊದಲು ಹೋದದ್ದು ಇಟಲಿಯ ವೆನಿಸ್‌ಗೆ. ಅಲ್ಲಿ ರಸ್ತೆಗಳ ಬದಲು ಕಾಲುವೆಗಳು. ಕಾರು ಓಡಲು ಜಾಗವೇ ಇಲ್ಲ. ಹಾಗಾದರೆ ಈ ಚಿತ್ರ ತೆಗೆದವರು ಯಾರು? ಪುಟ್ಟಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಕಾರಿನ ಮೇಲೆ ಒಂದು ಕಂಬ, ಕಂಬದ ತುದಿಯಲ್ಲಿ ಸುತ್ತಲೂ ನೋಡುವ ಹಲವು ಮಸೂರಗಳ ಕ್ಯಾಮೆರಾ. ಕಾರು ಹೋಗುತ್ತಾ ಹೋಗುತ್ತಾ ಕೆಲವು ಮೀಟರಿಗೊಮ್ಮೆ ಎಲ್ಲ ದಿಕ್ಕಿನ ಫೋಟೊ ತೆಗೆಯುತ್ತದೆ. ಎಲ್ಲಿ ತೆಗೆದದ್ದು ಎಂಬುದನ್ನು ಜಿಪಿಎಸ್ ಬರೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರು ಕೌದಿ ಹೊಲಿದ ಹಾಗೆ ಆ ಫೋಟೊಗಳನ್ನು ಒಂದಕ್ಕೊಂದು ಸೇರಿಸುತ್ತದೆ. ವೆನಿಸ್‌ನಂಥ ಕಡೆ ಅದೇ ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿಕೊಂಡು ಓಣಿಗಳಲ್ಲಿ ನಡೆದಿದ್ದಾರೆ, ದೋಣಿಯಲ್ಲಿ ಕೂತು ಕಾಲುವೆಗಳಲ್ಲಿ ಸುತ್ತಿದ್ದಾರೆ. ದಾರಿಹೋಕರ ಮುಖ, ವಾಹನಗಳ ನಂಬರ್ ಪ್ಲೇಟು ಕಾಣಬಾರದೆಂದು ಯಂತ್ರವೇ ಅವನ್ನು ಮಸುಕು ಮಾಡುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅದು ಹುಲ್ಲು ಮೇಯುತ್ತಿದ್ದ ಹಸುವಿನ ಮುಖವನ್ನೂ ಮಸುಕು ಮಾಡಿತ್ತಂತೆ. ಪುಟ್ಟಿ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕಳು.

ನಗುವುದಕ್ಕೆ ಇನ್ನೊಂದು ಊರಿದೆ. ನಾರ್ವೆಗೂ ಐಸ್‌ಲೆಂಡಿಗೂ ನಡುವೆ ಕಡಲಿನಲ್ಲಿ ಫಾರೋ ದ್ವೀಪಗಳೆಂದು ಹದಿನೆಂಟು ದ್ವೀಪಗಳಿವೆ. ಡೆನ್ಮಾರ್ಕಿಗೆ ಸೇರಿದವು. ಜನ ಸುಮಾರು ಐವತ್ತೈದು ಸಾವಿರ, ಕುರಿಗಳು ಅದಕ್ಕಿಂತ ಹೆಚ್ಚು. ಸ್ಟ್ರೀಟ್ ವ್ಯೂ ಕಾರು ತಮ್ಮ ಕಡೆ ಬರಲೇ ಇಲ್ಲವೆಂದು 2016ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ದುರಿತಾ ದಾಲ್ ಆಂದ್ರೆಯಾಸ್ಸೆನ್ ಎಂಬ ಮಹಿಳೆ ಒಂದು ಉಪಾಯ ಮಾಡಿದರು. ಕುರಿಗಳ ಬೆನ್ನಿಗೇ ಕ್ಯಾಮೆರಾ ಕಟ್ಟಿ ಗುಡ್ಡಕ್ಕೆ ಬಿಟ್ಟರು. ಕುರಿ ಹೋದದ್ದೇ ದಾರಿ, ಕುರಿ ಕಂಡದ್ದೇ ನೋಟ. ಸುದ್ದಿ ಎಲ್ಲ ಕಡೆ ಹರಡಿ, ಅದೇ ವರ್ಷ ಗೂಗಲ್‌ನವರು ಕ್ಯಾಮೆರಾ ತಂದುಕೊಟ್ಟರು. ಈಗ ಆ ದ್ವೀಪಗಳ ರಸ್ತೆಗಳಲ್ಲಿ ನಾವೂ ಹೋಗಬಹುದು. ಒಂದು ಕಡೆ ಹಸಿರು ಗುಡ್ಡ, ಇನ್ನೊಂದು ಕಡೆ ಬೂದು ಸಮುದ್ರ. ಕೆಲವು ಮನೆಗಳ ಚಾವಣಿಯ ಮೇಲೆ ಹುಲ್ಲು.

ಹೀಗೆ ತಿರುಗುವಾಗ ನಾನು ಪುಟ್ಟಿಗೆ ಒಂದು ಅಭ್ಯಾಸ ಮಾಡಿಸಿದ್ದೇನೆ. ಚೆಕ್ಕು ಕೈಗೆ ಬಂದರೆ ಗುಮಾಸ್ತ ಮೊದಲು ನೋಡುವುದು ಮೊತ್ತವನ್ನಲ್ಲ, ತಾರೀಖನ್ನು. ಮೂರು ತಿಂಗಳು ದಾಟಿದ ಚೆಕ್ಕಿಗೆ ಹಣ ಸಿಗುವುದಿಲ್ಲ. ಸ್ಟ್ರೀಟ್ ವ್ಯೂ ಚಿತ್ರಕ್ಕೂ ತಾರೀಖು ಇರುತ್ತದೆ. ಯಾವ ವರ್ಷ, ಯಾವ ತಿಂಗಳು ತೆಗೆದದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನೋಡುತ್ತಿರುವುದು ಇವತ್ತಿನ ಬೀದಿಯಲ್ಲ, ಆ ತಿಂಗಳ ಬೀದಿ. ಒಂದೇ ಜಾಗದಲ್ಲಿ ಬೇರೆ ಬೇರೆ ವರ್ಷ ಚಿತ್ರ ತೆಗೆದಿದ್ದರೆ, 2014ರಿಂದ ಈಚೆಗೆ, ಹಳೆಯ ತಾರೀಖುಗಳನ್ನು ಒತ್ತಿ ಹಿಂದಕ್ಕೂ ಹೋಗಬಹುದು. ಚಿಕ್ಕ ಗಿಡ ಮರವಾದದ್ದು, ಖಾಲಿ ಸೈಟಿನಲ್ಲಿ ಮನೆ ಎದ್ದದ್ದು ಕಾಣುತ್ತದೆ.

ಅಮೆರಿಕದ ಐದು ನಗರಗಳಲ್ಲಿ ಸ್ಟ್ರೀಟ್ ವ್ಯೂ ಶುರುವಾದದ್ದು 2007ರಲ್ಲಿ. ನಮ್ಮ ಬೆಂಗಳೂರಿಗೆ ಅದರ ಕಾರು ಬಂದದ್ದು 2011ರ ಮೇ ತಿಂಗಳಲ್ಲಿ. ಕೆಲವೇ ವಾರಗಳಲ್ಲಿ ಪೊಲೀಸರು ನಿಲ್ಲಿಸಿದರು. ದೇಶದ ಭದ್ರತೆಯ ಪ್ರಶ್ನೆ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ನಿಯಮ ಬದಲಿಸಿ, ಭಾರತದ ಕಂಪನಿಗಳು ಇಂಥ ಚಿತ್ರ ತೆಗೆಯಲು ಅವಕಾಶ ಕೊಟ್ಟಿತು. 2022ರ ಜುಲೈಯಲ್ಲಿ ಹತ್ತು ನಗರಗಳ ಬೀದಿಗಳು ತೆರೆದುಕೊಂಡವು. ಅವುಗಳಲ್ಲಿ ಬೆಂಗಳೂರೂ ಒಂದು.

ಇದರಿಂದ ನಮ್ಮ ಮನೆಯಲ್ಲಿ ಒಂದು ಪೇಚಾಟ ಆಯಿತು.

ನಮ್ಮಕ್ಕನಿಗೆ ಎಂಬತ್ತೆರಡು. ಮದುವೆಯಾಗಿ ಹೋದ ಮೇಲೆ ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದ್ದದ್ದು ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಮನೆಯಲ್ಲಿ. ಭಾವ ಹೋದ ಮೇಲೆ ಮೈಸೂರಿನಲ್ಲಿ ಮಗನ ಮನೆ ಸೇರಿದಳು. 2023ರಲ್ಲಿ ಆ ಮನೆ ಮಾರಿದರು, ಕೊಂಡವರು ಕೆಡವಿದರು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ. ದಸರೆ ರಜೆಯಲ್ಲಿ ನಾವು ಮೈಸೂರಿಗೆ ಹೋಗಿದ್ದಾಗ ಪುಟ್ಟಿ ದೊಡ್ಡಜ್ಜಿಗೆ ವೆನಿಸ್ ತೋರಿಸಿದಳು. ಅಕ್ಕ ಕನ್ನಡಕ ಸರಿಮಾಡಿಕೊಂಡು, “ನೀರೊಳಗೆ ಮನೆ ಕಟ್ಟಿದಾರಲ್ಲೇ, ಗೋಡೆಗೆ ತೇವ ಹತ್ತಲ್ವೇ?” ಎಂದಳು. ಆಮೇಲೆ ಕೇಳಿದಳು, “ನಮ್ಮ ಮಲ್ಲೇಶ್ವರದ ಮನೆ ಬರುತ್ತೇನೇ ಇದ್ರಲ್ಲಿ?”

ಅಕ್ಕನ ಮಗ ನನ್ನನ್ನು ಅಡುಗೆಮನೆಗೆ ಕರೆದು, “ಬೇಡ ಮಾವ, ತೋರಿಸಬೇಡಿ. ನೋಡಿದ್ರೆ ವಾರಗಟ್ಟಲೆ ಕೊರಗ್ತಾಳೆ” ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆ ಕೆಡವುವ ದಿನ ಅವಳು ಊಟ ಬಿಟ್ಟಿದ್ದನ್ನು ಕಂಡವನು ಅವನು. ಆದರೆ ಕೇಳಿದವಳು ಅಕ್ಕ, ಮನೆಯೂ ಅವಳದು. ನಾನು ಹೊರಗೆ ಬಂದು, “ಅಕ್ಕ, ಇದು 2022ರ ಚಿತ್ರ. ಆಗ ಮನೆ ಇತ್ತು. ನೋಡ್ತೀಯಾ?” ಎಂದೆ. “ತಾರೀಖು ಹೇಳಿದ್ಯಲ್ಲ, ಸರಿ, ತೋರಿಸು” ಎಂದಳು.

ಪುಟ್ಟಿ ಹಳದಿ ಮನುಷ್ಯನನ್ನು ಇಳಿಸಿದಳು. ಹಸಿರು ಗೇಟು, ಗೇಟಿಗೆ ನೇತುಹಾಕಿದ ಹಾಲಿನ ಚೀಲ, ಕಾಂಪೌಂಡಿನಿಂದ ಬೀದಿಗೆ ಬಾಗಿದ ಸಂಪಿಗೆ ಮರ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ತುಳಸಿಗೆ ಯಾರೂ ನೀರು ಹಾಕಿಲ್ಲ ನೋಡೋ, ಒಣಗಿದೆ” ಎಂದಳು. ಗೇಟಿನ ಪಕ್ಕ ಬುಟ್ಟಿ ಹೊತ್ತ ಒಬ್ಬ ಹೆಂಗಸು ನಿಂತಿದ್ದಳು. ಮುಖ ಮಸುಕಾಗಿತ್ತು. ಅಕ್ಕ ಬೆರಳಿಟ್ಟು, “ಇವಳು ನಮ್ಮ ಹೂವಿನವಳು. ಸೆರಗು ಸೊಂಟಕ್ಕೆ ಸಿಕ್ಕಿಸೋ ರೀತಿ ನೋಡು, ಅವಳೇ” ಎಂದಳು. ಯಂತ್ರ ಮುಖ ಮುಚ್ಚಿದರೂ ಐವತ್ತು ವರ್ಷದ ಪರಿಚಯವನ್ನು ಮುಚ್ಚಲಾಗಲಿಲ್ಲ.

ಕಣ್ಣಲ್ಲಿ ನೀರು ಬಂತು, ಬರಲಿಲ್ಲ ಎನ್ನಲಾರೆ. ಸೆರಗಿನಲ್ಲಿ ಒರೆಸಿಕೊಂಡು, “ಮುಂದೆ ಹೋಗೇ ಪುಟ್ಟಿ, ಮೂಲೆಯಲ್ಲಿ ದಿನಸಿ ಅಂಗಡಿ ಇರಬೇಕು” ಎಂದಳು. ಅಂಗಡಿ ಇತ್ತು. ಅಲ್ಲಿಂದ ಯಾರ ಮನೆ ಯಾವುದು, ಯಾರ ಮದುವೆಗೆ ಎಲ್ಲಿ ಚಪ್ಪರ ಹಾಕಿದ್ದರು, ಯಾವ ಮನೆಯ ನಾಯಿ ಯಾರನ್ನು ಕಚ್ಚಿತ್ತು, ಒಂದು ಗಂಟೆ ಹೇಳಿದಳು. ಅವಳ ಮಗನೂ ಕೈ ಒರೆಸಿಕೊಂಡು ಬಂದು ಹಿಂದೆ ನಿಂತ. ಅವನಿಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅವತ್ತು ಹೊರಗೆ ಬಂದವು.

ಇದಕ್ಕಿಂತ ಬಹಳ ದೊಡ್ಡ ಮಟ್ಟದಲ್ಲಿ ಇಂಥದೇ ಒಂದು ಕೆಲಸ ಜಪಾನಿನಲ್ಲಿ ನಡೆದಿದೆ. 2011ರ ಮಾರ್ಚ್ 11ರಂದು ಅಲ್ಲಿ ಭೂಕಂಪ, ಸುನಾಮಿ, ಅದರ ಬೆನ್ನಿಗೇ ಫುಕುಶಿಮಾ ಅಣು ಸ್ಥಾವರದ ಅಪಘಾತ. ಹತ್ತಿರದ ನಾಮಿಯೆ ಎಂಬ ಊರಿನ ಸುಮಾರು ಇಪ್ಪತ್ತೊಂದು ಸಾವಿರ ಜನ ಉಟ್ಟ ಬಟ್ಟೆಯಲ್ಲೇ ಊರು ಬಿಡಬೇಕಾಯಿತು. ವಿಕಿರಣದ ಭಯದಿಂದ ವಾಪಸು ಹೋಗಿ ಇರುವಂತಿರಲಿಲ್ಲ. ನಮ್ಮ ಬೀದಿ ಹೇಗಿದೆ ಎಂದು ಅವರಿಗೆ ತಿಳಿಯಬೇಕಿತ್ತು. ಆ ಊರಿನ ಮೇಯರ್ ತಮೊತ್ಸು ಬಾಬಾ ತಾವೇ ಸ್ಟ್ರೀಟ್ ವ್ಯೂ ಕಾರನ್ನು ಕರೆಸಿದರು. 2013ರ ಮಾರ್ಚ್‌ನಲ್ಲಿ ಚಿತ್ರಗಳು ಪ್ರಕಟವಾದವು. ಕುಸಿದು ರಸ್ತೆಗೆ ಕೂತ ಚಾವಣಿಗಳು, ಸಮುದ್ರದಿಂದ ಬಯಲಿಗೆ ಬಂದು ಬಿದ್ದ ದೋಣಿಗಳು, ಒಬ್ಬರೂ ಇಲ್ಲದ ಅಂಗಡಿಬೀದಿ. ನೋಡಲು ಕಷ್ಟವೇ. ಆದರೂ ಅದು ಅವರ ಊರು. ಅದು ಹೇಗಿದ್ದರೂ ನೋಡುವ ಹಕ್ಕು ಅವರದು. 2017ರಲ್ಲಿ ಊರಿನ ಒಂದು ಭಾಗಕ್ಕೆ ಜನ ಮರಳಲು ಅನುಮತಿ ಸಿಕ್ಕಿತು.

ನಾಮಿಯೆಯ ಕಡಲ ದಂಡೆಯಲ್ಲಿ ಉಕೆದೊ ಎಂಬ ಪ್ರಾಥಮಿಕ ಶಾಲೆ ಇದೆ. ಸುನಾಮಿಯ ದಿನ ಅಲ್ಲಿದ್ದ ಮಕ್ಕಳೆಲ್ಲ ಮೇಷ್ಟ್ರುಗಳ ಜೊತೆ ದೂರದ ಗುಡ್ಡಕ್ಕೆ ನಡೆದು ಜೀವ ಉಳಿಸಿಕೊಂಡರು. ನೀರು ನುಗ್ಗಿದ ಆ ಕಟ್ಟಡವನ್ನು ಹಾಗೆಯೇ ಉಳಿಸಿಕೊಂಡು 2021ರಿಂದ ಸ್ಮಾರಕವಾಗಿ ತೋರಿಸುತ್ತಿದ್ದಾರೆ. ಪುಟ್ಟಿ ಈ ಕಥೆ ಕೇಳಿದ ದಿನ ಶಾಲೆಯಿಂದ ಗುಡ್ಡದ ಕಡೆಗಿನ ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ಅಳೆದಳು. ಅವತ್ತು ಬೇರೆ ಊರಿಗೆ ಹೋಗಲು ಒಪ್ಪಲಿಲ್ಲ.

ಮಕ್ಕಳೇ, ನೀವೂ ಹೊರಡಿ. ಕಂಪ್ಯೂಟರು ಇಲ್ಲದಿದ್ದರೆ ಅಪ್ಪ ಅಮ್ಮನ ಫೋನಿನಲ್ಲೂ ಸ್ಟ್ರೀಟ್ ವ್ಯೂ ತೆರೆಯಬಹುದು. ಊರಿನ ಹೆಸರು ನೋಡದೆ ಇಳಿದು, ಅದು ಯಾವ ದೇಶವೆಂದು ಊಹಿಸಿ. ವಾಹನಗಳು ರಸ್ತೆಯ ಎಡಕ್ಕಿವೆಯೋ ಬಲಕ್ಕಿವೆಯೋ, ಬೋರ್ಡಿನ ಲಿಪಿ ಯಾವುದು, ಚಾವಣಿ ಇಳಿಜಾರಾಗಿದೆಯೋ ಸಪಾಟಾಗಿದೆಯೋ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ದೊಡ್ಡವರಿಗೂ ಒಂದು ಮಾತು. ನಿಮ್ಮ ಮನೆ ಕಾಣುವುದು ಬೇಡವಾದರೆ ಮಸುಕು ಮಾಡಲು ಕೇಳಿಕೊಳ್ಳಬಹುದು. ಆದರೆ ಒಮ್ಮೆ ಮಸುಕು ಮಾಡಿದ್ದನ್ನು ಮತ್ತೆ ತೆರೆಯುವುದಿಲ್ಲ. ಮನೆಯಲ್ಲಿ ಎಲ್ಲರನ್ನೂ ಕೇಳಿ ತೀರ್ಮಾನಿಸಿ. ನಿಮ್ಮ ಹಳ್ಳಿಗೆ ಆ ಕಾರು ಬಂದಿಲ್ಲವೇ? ವರ್ಷಕ್ಕೊಮ್ಮೆ, ಯುಗಾದಿಯ ದಿನ ಎಂದಿಟ್ಟುಕೊಳ್ಳಿ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೀವೇ ಫೋಟೊ ತೆಗೆದು ತಾರೀಖು ಬರೆದಿಡಿ.

ಪುಟ್ಟಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಗೆರೆ ಹಾಕಿಕೊಟ್ಟವನು ನಾನು, ನಮ್ಮ ಬ್ಯಾಂಕಿನ ಲೆಡ್ಜರಿನ ಹಾಗೆ. ಊರು, ಚಿತ್ರದ ತಾರೀಖು, ಕಂಡದ್ದು ಎಂದು ಮೂರು ಕಲಮುಗಳಿದ್ದವು. ಮೈಸೂರಿನಿಂದ ಬಂದ ಮೇಲೆ ಅವಳೇ ನಾಲ್ಕನೆಯದು ಎಳೆದು, ಮೇಲೆ ‘ದೊಡ್ಡವರು ಹೇಳಿದ್ದು’ ಎಂದು ಬರೆದಿದ್ದಾಳೆ. ಮಲ್ಲೇಶ್ವರದ ಎದುರು ಆ ಕಲಮಿಗೆ ಜಾಗ ಸಾಲದೆ ಮುಂದಿನ ಎರಡು ಪುಟ ಹಿಡಿದಿದೆ.