ಏಟಿಗೆ ಮುಂಚಿನ ಬಿಡುವು

ಡ್ರಮ್ಸ್ ಬಾರಿಸುವವರ ಬಗ್ಗೆ ಸಂಗೀತಗಾರರಲ್ಲೇ ಒಂದು ಸಸಾರವಿದೆ: ಸ್ವರದ ಗೊಡವೆಯಿಲ್ಲದ, ತೋಳ್ಬಲದ ಮೇಲೆ ಬದುಕುವ ಜನ ಎಂದು. ಅಂಥವರು ಎದ್ದುಹೋಗಿ ಮ್ಯೂಸಿಕ್ ಪ್ರೊಡ್ಯೂಸರ್ ಕುರ್ಚಿಯಲ್ಲಿ ಕೂತರೆ ಹುಬ್ಬೇರಿಸುವವರೇ ಹೆಚ್ಚು. ನನಗೋ, ಆ ಕುರ್ಚಿಗೆ ಅವರಿಗಿಂತ ತಕ್ಕವರು ಕಡಿಮೆ ಅನ್ನಿಸುತ್ತದೆ. ಪ್ರೊಡ್ಯೂಸರ್ ಕೆಲಸದಲ್ಲಿ ಅರ್ಧಕ್ಕರ್ಧ ಎಲ್ಲಿ ಯಾವುದು ಬೇಡ ಎಂದು ತೀರ್ಮಾನಿಸುವುದೇ. ಎಲ್ಲಿ ಹೊಡೆಯಬಾರದು ಎಂಬ ಲೆಕ್ಕವನ್ನು ಸದಾ ಹಾಕುತ್ತಿರುವವರಿಗೆ ಇದೇನು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಫಿಲ್ ಕಾಲಿನ್ಸ್ ಅವರನ್ನೇ ನೋಡಿ. 1970ರಲ್ಲಿ ಡ್ರಮ್ಮರ್ ಆಗಿ ಜೆನೆಸಿಸ್ ತಂಡ ಸೇರಿದವರು, ಪೀಟರ್ ಗೇಬ್ರಿಯಲ್ ತಂಡ ಬಿಟ್ಟ ಮೇಲೆ ಮುಖ್ಯ ಗಾಯಕರೂ ಆದರು. 1981ರಲ್ಲಿ ಬಂದ ಅವರ ಮೊದಲ ಸ್ವಂತ ಆಲ್ಬಂ 'ಫೇಸ್ ವ್ಯಾಲ್ಯೂ'ವಿನಲ್ಲಿ ಪ್ರೊಡ್ಯೂಸರ್ ಹೊಣೆಯೂ ಅವರದೇ.

ಅದರಲ್ಲಿನ 'ಇನ್ ದಿ ಏರ್ ಟುನೈಟ್' ಡ್ರಮ್ಮರ್ ಕಟ್ಟಿದ ಹಾಡು; ಆದರೂ ಮೂರೂವರೆ ನಿಮಿಷ ದಾಟುವವರೆಗೆ ಅದರಲ್ಲಿ ಅವರ ಡ್ರಮ್ಸ್ ಇಲ್ಲ. ರೋಲ್ಯಾಂಡ್ ಕಂಪನಿಯ ಸಿಆರ್-78 ಎಂಬ ಪುಟ್ಟ ಯಂತ್ರ ತನ್ನ ಪಾಡಿಗೆ ತಾಳ ಹಾಕುತ್ತಿರುತ್ತದೆ. ಆಲಾಪನೆ ಮುಗಿಯಲೆಂದು ಮೃದಂಗದ ಮೇಲೆ ಕೈಯಿಟ್ಟು ಕೂತ ವಿದ್ವಾಂಸರ ಹಾಗೆ ಕಾಲಿನ್ಸ್ ಕಾಯುತ್ತಾರೆ. ಆಮೇಲೆ ಟಾಮ್ ಡ್ರಮ್‌ಗಳ ಮೇಲೆ ಜೋಡಿಜೋಡಿಯಾಗಿ ಏಟುಗಳು ಉರುಳಿ ಬೀಳುತ್ತವೆ. ಎಣಿಸಿದರೆ ಕೆಲವೇ ಏಟು, ಕಲಿಯುವ ಹುಡುಗರ ಕೈಗೂ ಬೇಗ ಕೂರುತ್ತದೆ. ಅಲ್ಲಿಯವರೆಗೆ ಸುಮ್ಮನಿರುವುದನ್ನು ಮಾತ್ರ ಯಾರೂ ಅಷ್ಟು ಸುಲಭಕ್ಕೆ ಕಲಿಯಲಾರರು.

ಆ ಗುಡುಗು ಸದ್ದು ಕಾಲಿನ್ಸ್ ಅವರದಲ್ಲ, ಸೌಂಡ್ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಅವರದು, ಅದೂ ಆಕಸ್ಮಿಕ ಎನ್ನುವವರಿದ್ದಾರೆ. ಅರ್ಧ ನಿಜ. ಆ ಸದ್ದು ಹುಟ್ಟಿದ್ದು ಇದಕ್ಕೂ ಮೊದಲು: ಗೇಬ್ರಿಯಲ್ ಅವರ 1980ರ ಆಲ್ಬಂಗೆ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಕೆಲಸ ನಡೆದಿತ್ತು. ಒಳಗಿನ ವಾದಕರ ಮಾತು ಕೇಳಿಸಿಕೊಳ್ಳಲೆಂದಷ್ಟೇ ಇದ್ದ ಟಾಕ್‌ಬ್ಯಾಕ್ ಮೈಕಿಗೆ ಬಲವಾದ ಕಂಪ್ರೆಸರ್ ಜೋಡಿಸಲಾಗಿತ್ತು. ಅದು ದೊಡ್ಡ ಸದ್ದನ್ನು ಅದುಮಿ ಸಣ್ಣದನ್ನು ಎತ್ತಿ ತೋರಿಸುತ್ತದೆ. ಡ್ರಮ್ಸ್ ಅದರೊಳಗೆ ಹೊಕ್ಕಾಗ ಕೋಣೆಯ ಅನುರಣನವೆಲ್ಲ ಉಬ್ಬಿ ಬಂತು. ಆ ಅನುರಣನವನ್ನು, ಸದ್ದು ತಗ್ಗಿದೊಡನೆ ಮುಚ್ಚಿಕೊಳ್ಳುವ ನಾಯ್ಸ್ ಗೇಟ್ ಎಂಬ ಸಾಧನ ನಡುವೆಯೇ ಕತ್ತರಿಸಿತು. ಇಷ್ಟು ಯಂತ್ರದ ಪವಾಡ. ಆದರೆ ಏಟುಗಳ ನಡುವೆ ಜಾಗವಿಲ್ಲದಿದ್ದರೆ ಆ ಕತ್ತರಿ ಕೇಳಿಸುವುದೇ ಇಲ್ಲ. ಸಿಂಬಲ್ ಮೊಳಗುತ್ತಿದ್ದರೆ ಗೇಟ್ ಮುಚ್ಚುವುದೂ ಇಲ್ಲ. ಸಿಂಬಲ್ ಬೇಡವೆಂದು ಹಟ ಹಿಡಿದವರು ಗೇಬ್ರಿಯಲ್. ತಮ್ಮ ಕೈಯ ಅರ್ಧ ಆಟವನ್ನೇ ಕೊಟ್ಟುಬಿಟ್ಟು ಅದೇ ಆಲ್ಬಂನ 'ಇಂಟ್ರೂಡರ್' ಹಾಡಿನಲ್ಲಿ ಆ ಖಾಲಿ ಜಾಗವನ್ನು ಕೇಳಿಸುವಂತೆ ಬಾರಿಸಿದವರು ಕಾಲಿನ್ಸ್.

ಹಾಗಿದ್ದರೆ ಎಂಬತ್ತರ ದಶಕದ ಪಾಪ್ ಹಾಡುಗಳೆಲ್ಲ ಇದೇ ಧಡಾಬಡಿಯಿಂದ ಕಿವಿ ತಿಂದದ್ದೇಕೆ? ನಕಲು ಮಾಡಿದವರು ಏಟಿನ ಗಾತ್ರವನ್ನಷ್ಟೇ ಒಯ್ದರು. ಕಾಲಿನ್ಸ್ ಕೂಡ ಇದಕ್ಕೆ ಹೊರತಲ್ಲ: ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ಗಾಗಿ ಪ್ರೊಡ್ಯೂಸ್ ಮಾಡಿದ 1986ರ 'ಆಗಸ್ಟ್' ಆಲ್ಬಂನಲ್ಲಿ ಡ್ರಮ್ಸ್ ಗಿಟಾರನ್ನು ಮೂಲೆಗೊತ್ತಿದೆ ಎಂಬ ದೂರನ್ನು ನಾನೂ ಒಪ್ಪುತ್ತೇನೆ. ಅದು ನನ್ನ ವಾದಕ್ಕೆ ತೊಡಕೇ. ಆದರೂ ಅಲ್ಲಿ ಕಿವಿಗೆ ಚುಚ್ಚುವುದು ಬಿಡುವಿಲ್ಲದಿರುವುದೇ, ಡ್ರಮ್ಮರ್ ತನ್ನ ಕಸುಬಿನ ಮೊದಲ ಪಾಠವನ್ನು ಮರೆತದ್ದೇ.