ಬೆರಳ ತುದಿಯ ಪ್ರಾರ್ಥನೆ

ಅಕ್ಟೋಬರ್ ಕಥೋಲಿಕರಿಗೆ ಜಪಸರದ ತಿಂಗಳು. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರದಲ್ಲೂ, ಅಲ್ಲಿನ ಶಂಕರಘಟ್ಟ, ಭದ್ರಾವತಿಯ ಸುತ್ತಲೂ, ಈ ಮಣಿಸರ ಸಂಜೆಯ ಪ್ರಾರ್ಥನೆಗೆ ಕೈಗೆ ಬರುತ್ತದೆ.

ಒಂದು ಪುಟ್ಟ ಶಿಲುಬೆ, 59 ಮಣಿಗಳು. ಹತ್ತತ್ತರ ಐದು ಗುಂಪು, ನಡುನಡುವೆ ಬಿಡಿಯಾಗಿ ಒಂದೊಂದು ಮಣಿ. ಬಿಡಿ ಮಣಿ ಸಿಕ್ಕಾಗ ಯೇಸು ಕಲಿಸಿದ ಪ್ರಾರ್ಥನೆ, ಗುಂಪಿನ ಮಣಿಗಳಿಗೆ ‘ನಮೋ ಮರಿಯಾ’ ಎಂಬ ಪ್ರಾರ್ಥನೆ. ಎಣಿಕೆಯನ್ನು ಹೆಬ್ಬೆರಳೇ ನೋಡಿಕೊಳ್ಳುವುದರಿಂದ ಮನಸ್ಸು ಕ್ರಿಸ್ತನ ಬದುಕಿನ ಒಂದೊಂದು ಘಟನೆಯ ಮೇಲೆ ನಿಲ್ಲಬಹುದು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಧ್ಯಾನಕ್ಕೆ ಜೋರ್ಡಾನ್ ನದಿಯ ದೀಕ್ಷಾಸ್ನಾನದಿಂದ ಕೊನೆಯ ಭೋಜನದವರೆಗಿನ ಐದು ಘಟನೆಗಳನ್ನು ಸೇರಿಸಿದರು.

ಮಣಿಗಳಿಗಿಂತ ಮೊದಲು ಕಲ್ಲುಗಳಿದ್ದವು. ನಾಲ್ಕನೇ ಶತಮಾನದ ಈಜಿಪ್ಟಿನಲ್ಲಿ ಪೌಲ ಎಂಬ ಸನ್ಯಾಸಿ ಮುನ್ನೂರು ಹರಳುಕಲ್ಲು ಮಡಿಲಲ್ಲಿಟ್ಟುಕೊಂಡು, ಪ್ರಾರ್ಥನೆಗೊಂದರಂತೆ ಹೊರಗೆಸೆಯುತ್ತಿದ್ದನೆಂದು ಪಲ್ಲಾಡಿಯಸ್ ಎಂಬ ಲೇಖಕ ಬರೆದಿಟ್ಟಿದ್ದಾನೆ.

ಕಣ್ಣು ಮಂಜಾದ ಅಜ್ಜಿಗೆ, ಓದು ಬಾರದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಜಪಸರ ದೊಡ್ಡ ಆಸರೆ. ಪುಸ್ತಕ ಬೇಡ, ದೀಪವೂ ಬೇಡ. ಚಿಂತೆಯಲ್ಲಿ ಮಾತು ತಪ್ಪಿದರೂ ಪ್ರಾರ್ಥನೆ ಎಲ್ಲಿಗೆ ನಿಂತಿತ್ತೆಂದು ಬೆರಳಿನಡಿಯ ಮಣಿ ತಿಳಿಸುತ್ತದೆ.

ಜಪಸರದಂತೆ ಗರಿಯೂ ಕಥೋಲಿಕರ ಮನೆಯಲ್ಲಿ ಭಕ್ತಿಗೆ ಆಸರೆಯಾಗುವ ವಸ್ತು. ಗರಿಗಳ ಭಾನುವಾರ ಆಶೀರ್ವದಿಸಿದ ಗರಿಯನ್ನು ಮನೆಗೆ ತಂದು ಶಿಲುಬೆಯ ಪಕ್ಕ ಸಿಕ್ಕಿಸುತ್ತಾರೆ. ಒಣಗಿದ ಗರಿಗಳನ್ನು ಮರುವರ್ಷ ಚರ್ಚಿನಲ್ಲಿ ಸುಟ್ಟು, ತಪಸ್ಸುಕಾಲದ ಮೊದಲ ದಿನ ಅದೇ ಬೂದಿಯಿಂದ ಗುರುಗಳು ಹಣೆಗೆ ಶಿಲುಬೆ ಎಳೆಯುತ್ತಾರೆ.